ರಸ್ತೆಗೆ ಬೀಗ ಹಾಕಲಾಗದವರು

ನನ್ನ ಗಂಡ ಸತ್ತಿದ್ದು ಎಲ್ಲಿ ಎಂಬುದನ್ನು ಮಣ್ಣು ಮಾಡಿದ ಮಾರನೆಯ ದಿನ ಕುಣಿಗಲ್ಲಿನ ಭಾವನ ಮನೆಯ ಹಾಲ್‌ನಲ್ಲಿ ಕೂತು ತೀರ್ಮಾನಿಸಲಾಯಿತು. ಸಾಯುವಾಗ ಪಕ್ಕದಲ್ಲಿದ್ದವಳು ನಾನೊಬ್ಬಳೇ. ನನ್ನನ್ನು ಯಾರೂ ಕೇಳಲಿಲ್ಲ.

ಭಾವ ಅಂದರೆ ನನ್ನ ಗಂಡನ ಅಣ್ಣ. ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇಟ್ಟುಕೊಂಡವರು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು, ಮಠಕ್ಕೆ ನಡೆದುಕೊಳ್ಳುವವರು. ಅವರ ಹಾಲ್‌ನ ಗೋಡೆಯ ಮೇಲೆ ಶರಣರ ದೊಡ್ಡ ಫೋಟೋ ಇದೆ. ಗಳಿಗೆ, ನಕ್ಷತ್ರ, ಮುಹೂರ್ತಗಳನ್ನೆಲ್ಲ ಗುಡಿಸಿ ಹೊರಗೆ ಹಾಕಿದವರು ನಮ್ಮ ಶರಣರು ಎಂದು ಭಾವ ಪ್ರತಿ ಜಯಂತಿಯಲ್ಲೂ ಮೈಕ್ ಹಿಡಿದು ಹೇಳುತ್ತಾರೆ. ಆ ಫೋಟೋದ ಕೆಳಗೆ, ಅದೇ ಮೊಳೆಗೆ, ಪಂಚಾಂಗ ನೇತು ಹಾಕಿದೆ.

ಜೋಯಿಸರು ಫೋನಿನಲ್ಲಿ ಹೇಳಿದ್ದನ್ನು ಸ್ಪೀಕರ್‌ನಲ್ಲಿ ಎಲ್ಲರೂ ಕೇಳಿಸಿಕೊಂಡಿದ್ದರು. ಹೋದ ನಕ್ಷತ್ರ ಚೆನ್ನಾಗಿಲ್ಲ, ಪಂಚಕ. ಅಂಥ ನಕ್ಷತ್ರದಲ್ಲಿ ಸಾವಾದರೆ ಸಾವಾದ ಮನೆಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳಿನ ಕೊಂಬೆ ಇಟ್ಟು, ಆರು ತಿಂಗಳು ಬೇರೆ ಕಡೆ ಇರಬೇಕು. ಬಿಡದೆ ಹೋದರೆ ಅದೇ ಕುಟುಂಬದಲ್ಲಿ ಇನ್ನೊಂದು ಸಾವಾಗುತ್ತದೆ. ನಮ್ಮ ಕಡೆ ಇದನ್ನು ‘ಮನೆ ಬಿಡೋದು’ ಅನ್ನುತ್ತಾರೆ. ತೊಂದರೆ ಏನೆಂದರೆ, ನನ್ನ ಗಂಡ ಯಾವ ಮನೆಯಲ್ಲೂ ಸತ್ತಿರಲಿಲ್ಲ.

“ಆಸ್ಪತ್ರೇಲಿ ತಾನೆ ಡಾಕ್ಟ್ರು ಹೇಳಿದ್ದು? ಅಲ್ಲೇ ಹೋಗಿದ್ದು ಅಂತ ಆಯ್ತದೆ,” ಎಂದರು ಹುತ್ರಿದುರ್ಗದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು.

“ತಂದಾಗ್ಲೇ ಜೀವ ಇರ್ಲಿಲ್ಲ ಅಂದ್ರಂತೆ ಕಣಣ್ಣ.”

“ಹಂಗಾದ್ರೆ ರಸ್ತೇಲಿ.”

“ರಸ್ತೇನ ಆರ್ ತಿಂಗ್ಳು ಬುಡಕ್ಕಾಯ್ತದಾ? ಗೌರ್ಮೆಂಟ್ ರಸ್ತೆ ಅದು.”

“ಆಸ್ಪತ್ರೇನೂ ಬುಡಕ್ಕಾಗಲ್ಲ.”

ಭಾವ ಗಂಟಲು ಸರಿಮಾಡಿಕೊಂಡರು. “ಉಪ್ಪಾರಹಳ್ಳಿ ಮನೇಲಿ ಕೂರ್ಸಿದ್ವಲ್ಲ ಅವನ್ನ, ನೋಡೋರ್ ನೋಡ್ಲಿ ಅಂತ. ಎಷ್ಟೊತ್ತು ಇತ್ತು ಅಲ್ಲಿ. ಆ ಮನೆ ಬುಟ್ರೆ ಆಯ್ತು.”

ಎಲ್ಲರ ಮುಖದಲ್ಲೂ ನೆಮ್ಮದಿ ಕಾಣಿಸಿತು. ರಸ್ತೆಗೆ ಬೀಗ ಹಾಕಲು ಆಗುವುದಿಲ್ಲ, ಆಸ್ಪತ್ರೆಗೆ ಬೀಗ ಹಾಕಲು ಬಿಡುವುದಿಲ್ಲ, ನನ್ನ ಮನೆಗೆ ಹಾಕಬಹುದು. ಬೀಗ ಎಲ್ಲಿಗೆ ಸರಿಹೊಂದುತ್ತದೋ ಸಾವನ್ನು ಅಲ್ಲಿಗೆ ಸಾಗಿಸಿ ಊಟಕ್ಕೆ ಎದ್ದರು. ಮಠದ ಸ್ವಾಮಿಗಳನ್ನೂ ಒಂದು ಮಾತು ಕೇಳಿದರಂತೆ. ನಿಮ್ಮ ಸಮಾಧಾನಕ್ಕೆ ಏನು ತೋರುತ್ತದೋ ಮಾಡಿ ಎಂದರಂತೆ. ಅದಕ್ಕಿಂತ ಸುರಕ್ಷಿತವಾದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ಕೇಳಿದವರಿದ್ದಾರೆ. ಮೈ ಅಲ್ಲೇ ಮೂಲೆಯಲ್ಲಿ ಕೂತಿತ್ತು, ನಾನು ಆ ಹೊತ್ತಿನಲ್ಲಿ ಆ ಹಾಲ್‌ನಲ್ಲಿ ಇರಲಿಲ್ಲ. ಹೆಬ್ಬೂರಿನ ಆಚೆ, ಇನ್ನೂ ಆ ಕಾರಿನಲ್ಲೇ ಕೂತಿದ್ದೆ.

ಗಂಡ ಸತ್ತ ಭಾನುವಾರ ಭಾವನ ಮನೆಯಲ್ಲೇ ಊಟ ಮುಗಿಸಿ ನಾವಿಬ್ಬರೂ ತುಮಕೂರಿಗೆ ವಾಪಸ್ ಹೊರಟಿದ್ದೆವು. ಅವರು ಕಾರು ಓಡಿಸುತ್ತಿದ್ದರು. ಅತ್ತಿಗೆ ಮಾಡಿದ ಹೋಳಿಗೆಯ ಬಗ್ಗೆ ದಾರಿಯುದ್ದಕ್ಕೂ ತಕರಾರು. “ಏಲಕ್ಕಿ ಅಷ್ಟು ಸುರಿದ್ರೆ ಹೋಳಿಗೆ...” ಎಂದರು. ಮುಂದೆ ಮಾತು ಬರಲಿಲ್ಲ. ಅವರು ಮಾತನ್ನು ಅರ್ಧಕ್ಕೆ ಬಿಟ್ಟು ಓವರ್‌ಟೇಕ್ ಮಾಡುವುದು, ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುವುದು ಇದ್ದೇ ಇತ್ತು. ನಾನು ಕಾದೆ. ಕಾರು ಬಲಕ್ಕೆ ಸರಿಯತೊಡಗಿತು. ತಿರುಗಿ ನೋಡಿದರೆ ಗದ್ದ ಎದೆಗೆ ತಾಗಿತ್ತು, ಕೈಗಳು ಸ್ಟೇರಿಂಗ್ ಮೇಲೇ ಇದ್ದವು, ಕಾಲು ಆಕ್ಸಿಲರೇಟರ್ ಮೇಲೆ ಭಾರವಾಗಿ ಕೂತಿತ್ತು. ಎದುರಿಗೆ ಲಾರಿ. ನನಗೆ ಡ್ರೈವಿಂಗ್ ಬರುವುದಿಲ್ಲ. ಸ್ಟೇರಿಂಗನ್ನು ಒಂದು ಕೈಯಲ್ಲಿ ನನ್ನ ಕಡೆಗೆ ಎಳೆದೆ, ಇನ್ನೊಂದು ಕೈಯಲ್ಲಿ ಹ್ಯಾಂಡ್ ಬ್ರೇಕ್ ಎತ್ತಿದೆ. ಲಾರಿ ಹಾರನ್ ಒತ್ತಿಕೊಂಡೇ ಪಕ್ಕದಲ್ಲಿ ಹೋಯಿತು. ನಮ್ಮ ಕಾರು ರಸ್ತೆ ಬಿಟ್ಟು ಇಳಿದು ಒಂದು ಹೊಂಗೆ ಮರಕ್ಕೆ ಮೆಲ್ಲಗೆ, ಯಾರೋ ಹೆಗಲು ತಟ್ಟಿದ ಹಾಗೆ, ತಾಗಿ ನಿಂತಿತು.

ಕಾರು ಮರಕ್ಕೆ ತಾಗುವ ಮೊದಲೇ ಹೃದಯ ನಿಂತಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಂದರೆ ಅಷ್ಟು ದೂರ ನಾನು ಸತ್ತವರ ಡ್ರೈವಿಂಗ್‌ನಲ್ಲಿ ಪ್ರಯಾಣ ಮಾಡಿದ್ದೆ. ಜನರಿಗೆ ಇದನ್ನು ಹೇಳಿದರೆ ದೇವರು ದೊಡ್ಡವನು ಎನ್ನುತ್ತಾರೆ. ಯಾವ ಲೆಕ್ಕದಲ್ಲಿ ಎಂದು ನಾನು ಕೇಳುವುದಿಲ್ಲ.

ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಗೆ ಭಾವ ತಮ್ಮ ಗೋಡೌನಿನ ಬೀಗ ತಂದು ಜಡಿದರು. ಬಾಗಿಲಿಗೆ ಅಡ್ಡವಾಗಿ ಒಣಗಿದ ಜಾಲಿಯ ಕೊಂಬೆ ಇಟ್ಟರು. ಬೀಗದ ಕೈ ಅವರ ಉಡಿದಾರಕ್ಕೆ ಹೋಯಿತು. ನಾನು ಎರಡು ಸೂಟ್‌ಕೇಸ್ ಹಿಡಿದು ಕುಣಿಗಲ್ಲಿಗೆ ಬಂದೆ. ನಮಗೆ ಮಕ್ಕಳಿಲ್ಲ, ಒಬ್ಬಳನ್ನೇ ಎಲ್ಲೋ ಬಿಡುವುದು ಹೇಗೆ ಎಂದು ಎಲ್ಲರೂ ಭಾವನನ್ನು ಹೊಗಳಿದರು. ಇಲ್ಲಿ ಒಂದು ಮಾತು ಹೇಳಬೇಕು. ಭಾವನಿಗೆ ನನ್ನ ಮನೆಯ ಮೇಲೆ ಕಣ್ಣಿರಲಿಲ್ಲ. ಇದ್ದಿದ್ದರೆ ಜಗಳವಾಡುವುದು ಸುಲಭವಾಗುತ್ತಿತ್ತು. ಅವರು ನಿಜವಾಗಿ ನಂಬಿ ಮಾಡಿದರು, ಅಷ್ಟೇ ಅಲ್ಲದೆ ಬೇರೆಯವರ ಬದುಕನ್ನು ತೀರ್ಮಾನಿಸುವಾಗ ಸಿಗುವ ಆ ಸಣ್ಣ ಸುಖವನ್ನೂ ಪಟ್ಟರು.

ಈ ಏರ್ಪಾಟಿನಲ್ಲಿ ಒಂದು ವಿಷಯವನ್ನು ಆ ಹಾಲ್‌ನಲ್ಲಿದ್ದ ಯಾವ ಹಿರಿಯ ತಲೆಯೂ ಯೋಚಿಸಿರಲಿಲ್ಲ. ನಾನು ಕೆಲಸ ಮಾಡುವುದು ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ, ಕೆಮಿಸ್ಟ್ರಿ ಪಾಠ. ಉಪ್ಪಾರಹಳ್ಳಿಯಿಂದ ಗುಬ್ಬಿಗೆ ಒಂದು ಬಸ್ಸು. ಕುಣಿಗಲ್ಲಿನಿಂದ ಗುಬ್ಬಿಗೆ ಹೋಗಬೇಕಾದರೆ ಮೊದಲು ತುಮಕೂರಿಗೆ ಬರಬೇಕು, ಹೆಬ್ಬೂರಿನ ಮೇಲೆ. ಸಾವಿನಿಂದ ನನ್ನನ್ನು ದೂರ ಇಡಲು ಮಾಡಿದ ಶಾಸ್ತ್ರ ನನ್ನನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಹೊಂಗೆ ಮರದ ಮುಂದೆ ಹಾಯಿಸುತ್ತಿತ್ತು.

ಮೊದಲ ವಾರವೇ ಗೊತ್ತಾಯಿತು. ಬಸ್ಸು ಕುಣಿಗಲ್ ಬಿಡುತ್ತಿದ್ದ ಹಾಗೆ ಅಂಗೈ ಒದ್ದೆ. ಊರು ದಾಟಿದ ಮೇಲೆ ನಾಲಿಗೆ ಒಣಗುವುದು, ಎದೆ ಕುತ್ತಿಗೆಯವರೆಗೆ ಹತ್ತಿ ಬಡಿಯುವುದು, ಬೆರಳು ಜುಮ್ಮೆನ್ನುವುದು. ಮರ ಬರುವ ಹೊತ್ತಿಗೆ ನನಗೆ ಕಾಣುತ್ತಿದ್ದುದು ಒಂದೇ, ಡ್ರೈವರ್‌ನ ಕುತ್ತಿಗೆ. ಅದು ಬಾಗಿತೇ? ನೆಟ್ಟಗಿದೆಯೇ? ನೆಟ್ಟಗಿದ್ದರೆ ಕಣ್ಣು ತೆರೆದಿದೆಯೇ? ಹಿಂದಿನಿಂದ ಕಣ್ಣು ಕಾಣುವುದಿಲ್ಲ. ಹಾಗಾಗಿ ಮಾತಾಡಿಸುವುದೊಂದೇ ದಾರಿ. ನಾನು ಡ್ರೈವರ್‌ನ ಹಿಂದಿನ ಸೀಟೇ ಬೇಕೆಂದು ಮುಂಚೆ ಹೋಗಿ ಕೂರತೊಡಗಿದೆ. ಬಸ್ಸು ಹೊರಟ ಮೇಲೆ, ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ, ಏನಾದರೂ ಕೇಳುತ್ತಿದ್ದೆ. ಊಟ ಆಯ್ತಾ ಅಣ್ಣ. ಇವತ್ತು ರಶ್ ಕಮ್ಮಿ ಅಲ್ವಾ ಅಣ್ಣ. ಉತ್ತರ ಬಂದರೆ ಆ ಮನುಷ್ಯ ಬದುಕಿದ್ದಾನೆ ಎಂದರ್ಥ. ಇನ್ನೊಂದಿಷ್ಟು ದೂರಕ್ಕೆ ಸಾಕು.

ಸಂಜೆ ಬಸ್ಸಿನ ಡ್ರೈವರ್ ಒಬ್ಬ ಕೆಲವು ದಿನ ಸಹಿಸಿಕೊಂಡು, ಒಂದು ದಿನ ಕನ್ನಡಿಯಲ್ಲಿ ನನ್ನನ್ನು ನೋಡಿದ. “ಏನ್ ಮೇಡಂ, ದಿನಾ ಊಟ ಆಯ್ತಾ, ನಿದ್ದೆ ಆಯ್ತಾ ಅಂತೀರಲ್ಲ. ಯಾವ್ದಾದ್ರೂ ಹೆಣ್ ಕೊಡ್ಸೋ ಪ್ಲಾನ್ ಐತಾ?”

ಕಂಡಕ್ಟರ್ ನಕ್ಕ. “ಹೆಂಡ್ತಿ, ಎರಡ್ ಮಕ್ಳು ಅವ್ರೆ ಮೇಡಂ ಅವ್ನಿಗೆ. ಬೇಕಾದ್ರೆ ನಂಗೆ ನೋಡಿ.”

ಇಡೀ ಬಸ್ಸು ನಕ್ಕಿತು. ನಗಲಿ ಎಂದುಕೊಂಡೆ. ನಗುವಾಗ ಡ್ರೈವರ್‌ನ ಭುಜ ಅಲುಗುತ್ತಿತ್ತು, ಅದು ನನಗೆ ಬೇಕಾಗಿತ್ತು.

ಕಾಲೇಜಿನಲ್ಲಿ ಪಿಪೆಟ್ ಹಿಡಿದರೆ ದ್ರಾವಣ ಗೆರೆಗೆ ನಿಲ್ಲುತ್ತಿರಲಿಲ್ಲ. ಮಕ್ಕಳು ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು, ಆ ಕಾಲೇಜಿನಲ್ಲಿ ಮರ್ಯಾದೆ ಉಳಿಸಿಕೊಂಡವರು ಅವರಷ್ಟೇ. ಸ್ಟಾಫ್ ರೂಮಿನಲ್ಲಿ ನನ್ನ ಭಯ ಎಲ್ಲರ ಹವ್ಯಾಸವಾಯಿತು. ಪಾಸಿಟಿವ್ ಆಗಿ ಥಿಂಕ್ ಮಾಡಿ ಮೇಡಂ ಎನ್ನುವವರು, ಮೂಗಿನ ಒಂದು ಹೊಳ್ಳೆಯಲ್ಲಿ ಉಸಿರು ಎಳೆದು ಇನ್ನೊಂದರಲ್ಲಿ ಬಿಡುವ ವಿಡಿಯೋ ಕಳಿಸುವವರು, ನನಗಿಂತ ದೊಡ್ಡ ದುಃಖ ಕಂಡ ತಮ್ಮ ಚಿಕ್ಕಮ್ಮನ ಕಥೆ ಹೇಳುವವರು. ಫಿಸಿಕ್ಸ್ ಮೇಷ್ಟ್ರು ಚೇಳೂರಿನ ಕಡೆಯವರು. ಅವರು ಒಂದು ಸೋಮವಾರ ಅಲ್ಲಿಂದ ನನಗೊಂದು ಅಂತ್ರ ಕಟ್ಟಿಸಿಕೊಂಡು ಬಂದರು. ಕಪ್ಪು ದಾರ, ತಾಮ್ರದ ಸಣ್ಣ ತಗಡು.

“ನಂಬಿಕೆ ಇಲ್ದಿದ್ರೂ ಕಟ್ಕೊಳ್ಳಿ ಮೇಡಂ. ಕೆಲ್ಸ ಮಾಡತ್ತೆ.”

“ಯಾವ ನಿಯಮದ ಪ್ರಕಾರ ಸರ್?”

“ಎಲ್ಲಾನೂ ಹಂಗೆ ಕೇಳ್ಬಾರ್ದು,” ಎಂದು ಹೇಳಿ ಅವರು ನ್ಯೂಟನ್‌ನ ನಿಯಮಗಳನ್ನು ಪಾಠ ಮಾಡಲು ಹೋದರು.

ಕುಣಿಗಲ್ಲಿನ ಮನೆಯಲ್ಲಿ ಇನ್ನೊಂದು ರೀತಿ. ಅಲ್ಲಿ ನನಗೆ ಗಾಳಿ ಸೋಕಿದೆ ಎಂದು ಮಾತಾಗಿತ್ತು. ಸತ್ತ ಜಾಗದಲ್ಲಿ ನಾನು ಬೆಚ್ಚಿದ್ದು, ಆ ಬೆಚ್ಚಿದ್ದು ಬಿಟ್ಟಿಲ್ಲವೆಂದು. ಅತ್ತಿಗೆ, ಅಂದರೆ ಭಾವನ ಹೆಂಡತಿ, ನಾನು ಅಕ್ಕ ಎಂದೇ ಕರೆಯುವುದು, ಪ್ರತಿ ಅಮಾವಾಸ್ಯೆ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ದೃಷ್ಟಿ ಇದೆ. ನನ್ನ ಪಾಲಿನ ಮೆಣಸಿನಕಾಯಿಗೆ ಯಾವತ್ತೂ ಘಾಟು ಬರಲಿಲ್ಲವಂತೆ. ನಾನು ಕೆಮ್ಮುತ್ತಾ ನಿಂತಿದ್ದಾಗಲೂ ಬರಲಿಲ್ಲವಂತೆ.

“ಕೆಮ್ತಿದೀನಲ್ಲಕ್ಕ.”

“ಅದು ಬೇರೆ ಕೆಮ್ಮು ಕಣೇ. ನಿಂಗೊತ್ತಾಗಲ್ಲ.”

ಅಕ್ಕನ ಬಗ್ಗೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅವಳು ಯಾರು ಏನು ಹೇಳಿದರೂ ಮಾಡುತ್ತಾಳೆ, ಮಾಡಿ ಮರೆಯುತ್ತಾಳೆ. ಆದರೆ ಭಾವ ಮರೆಯುವವರಲ್ಲ. ದಿನಾ ಸಂಜೆ ನಾನು ಬಸ್ಸಿಳಿದು ಬರುವಾಗ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಬಂದೆಯಾ ಎಂದು ಕೇಳುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು, ಆಮೇಲೆ ತಮ್ಮ ಎದೆಯ ಮೇಲೆ ಒಮ್ಮೆ ಕೈ ಆಡಿಸಿಕೊಳ್ಳುತ್ತಿದ್ದರು. ಅದು ಏನೆಂದು ನಾನು ಆಗ ತಲೆಕೆಡಿಸಿಕೊಳ್ಳಲಿಲ್ಲ.

ತುಮಕೂರಿನಲ್ಲಿ ಒಬ್ಬ ಮನೋವೈದ್ಯರ ಬಳಿ ನಾನೇ ಹೋದೆ, ಯಾರಿಗೂ ಹೇಳದೆ. ಚಿಕ್ಕ ವಯಸ್ಸಿನವರು. ಇಸಿಜಿ ನೋಡಿದರು, ಹೃದಯಕ್ಕೆ ಏನೂ ಆಗಿಲ್ಲ ಎಂದರು. ಇದು ಆತಂಕದ ಕಾಯಿಲೆ, ಅಂಥದ್ದನ್ನು ಕಣ್ಣಾರೆ ಕಂಡವರಿಗೆ ಬರುವುದು ಸಹಜ, ದಿನ ಕಳೆದ ಹಾಗೆ ಇಳಿಯುತ್ತದೆ, ಅದಕ್ಕೆ ಮಾತ್ರೆಯಿದೆ, ಮಾತೂ ಇದೆ ಎಂದು ಬಿಡಿಸಿ ಹೇಳಿದರು. ನಾನು ಮೊದಲ ಸಲ ಒಬ್ಬ ಮನುಷ್ಯನ ಮಾತನ್ನು ಅಲ್ಲಗಳೆಯದೆ ಕೇಳಿದೆ. ಆಮೇಲೆ ಅವರು ದಿನಾ ಎಲ್ಲಿಂದ ಓಡಾಡುತ್ತೀರಿ ಎಂದು ಕೇಳಿದರು. ಹೇಳಿದೆ. ಪೆನ್ನು ಕೆಳಗಿಟ್ಟರು.

“ಅದೇ ರಸ್ತೇಲಾ? ದಿನಾನಾ? ಮೇಡಂ, ಇಲ್ಲೇ ಉಪ್ಪಾರಹಳ್ಳೀಲಿ ಮನೆ ಇದೆ ಅಂದ್ರಲ್ಲ.”

ಮನೆ ಬಿಟ್ಟಿರುವ ಕಥೆ ಹೇಳಿದೆ. ಅವರು ನಗುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ತಿರುಗಿಸುತ್ತಾ ಕೂತರು.

“ನಮ್ ತಾತ ಹೋದಾಗ ನಾವೂ ಬಿಟ್ಟಿದ್ವಿ,” ಎಂದರು. “ದೊಡ್ಡೋರಿಗೆ ಬೇಜಾರು ಮಾಡೋದು ಬೇಡ ಅಂತ. ಇನ್ನು ಎಷ್ಟು ತಿಂಗಳಿದೆ ನಿಮ್ದು?”

ಅಷ್ಟು ವರ್ಷ ಮೆದುಳನ್ನು ಓದಿಕೊಂಡ ಮನುಷ್ಯ ಆತ. ಮಾತ್ರೆ ಬರೆಸಿಕೊಂಡು ಎದ್ದೆ. ಮಾತ್ರೆ ಒಳ್ಳೆಯದೇ ಆಗಿತ್ತು, ಅದರ ಮೇಲೆ ನನ್ನ ದೂರಿಲ್ಲ. ನಿದ್ದೆ ಬರತೊಡಗಿತು, ಬೆರಳು ಜುಮ್ಮೆನ್ನುವುದು ಕಡಿಮೆಯಾಯಿತು. ಆದರೆ ಯಾವ ಮಾತ್ರೆಯೂ ಬಸ್ಸನ್ನು ಬೇರೆ ದಾರಿಗೆ ತಿರುಗಿಸುವುದಿಲ್ಲ.

ಎಲ್ಲ ಕೈ ಮೀರಿದ್ದು ಒಂದು ಶುಕ್ರವಾರ ಸಂಜೆ. ತುಮಕೂರಿನಿಂದ ಹೊರಟ ಬಸ್ಸಿನಲ್ಲಿ ಡ್ರೈವರ್ ಹೊಸಬ. ದಪ್ಪ ಕುತ್ತಿಗೆ, ಬಾಯಿ ತುಂಬಾ ಎಲೆ ಅಡಿಕೆ. ಊಟ ಆಯ್ತಾ ಅಣ್ಣ ಎಂದೆ. ಹೂಂ ಎನ್ನಲಿಲ್ಲ, ತಲೆ ಅಲುಗಿಸಲೂ ಇಲ್ಲ. ಗೂಳೂರು ದಾಟಿದ ಮೇಲೆ ಮತ್ತೆ ಕೇಳಿದೆ. ಆಗಲೂ ಉತ್ತರವಿಲ್ಲ. ಹೆಬ್ಬೂರಿನಲ್ಲಿ ಜನ ಇಳಿದರು, ಹತ್ತಿದರು, ಬಸ್ಸು ಹೊರಟಿತು. ಅಣ್ಣ ಎಂದೆ, ಸ್ವಲ್ಪ ಜೋರಾಗಿ. ರಸ್ತೆ ಖಾಲಿಯಿತ್ತು, ಬಸ್ಸು ಓಡುತ್ತಿತ್ತು, ಆ ಕುತ್ತಿಗೆ ಕಲ್ಲಿನ ಹಾಗಿತ್ತು. ಮರ ದೂರದಲ್ಲಿ ಕಾಣಿಸಿತು. ಎದುರಿನಿಂದ ಒಂದು ಲಾರಿ ಬಂತು. ಬಸ್ಸು ಗುಂಡಿ ತಪ್ಪಿಸಲು ಬಲಕ್ಕೆ ಸರಿಯಿತು.

ಅದು ಗುಂಡಿಯೆಂದು ನನಗೆ ತಿಳಿದದ್ದು ಆಮೇಲೆ. ಆ ಕ್ಷಣ ನಾನು ಎದ್ದು, ಕಂಬಿಯ ಮೇಲಿನಿಂದ ಬಗ್ಗಿ, ಡ್ರೈವರ್‌ನ ಭುಜ ಹಿಡಿದು ಸ್ಟೇರಿಂಗಿಗೆ ಕೈ ಹಾಕಿ ಎಳೆದೆ.

ಬಸ್ಸು ಕಿರುಚಿ ನಿಂತಿತು. ಹಿಂದೆ ಯಾರೋ ಬಿದ್ದರು, ಮಗುವೊಂದು ಅತ್ತಿತು. ಲಾರಿ ಹಾರನ್ ಒತ್ತಿಕೊಂಡೇ ಪಕ್ಕದಲ್ಲಿ ಹೋಯಿತು. ಡ್ರೈವರ್ ಕಿಟಕಿಯಿಂದ ಉಗಿದು ತಿರುಗಿದ.

“ಏನಮ್ಮಾ ನಿಂಗೆ ತಲೆ ಕೆಟ್ಟಿದ್ಯಾ? ಐವತ್ ಜನ ಅವ್ರೆ ಗಾಡೀಲಿ.”

“ನೀವು ಮಾತಾಡ್ಲಿಲ್ಲ,” ಎಂದೆ.

“ಮಾತಾಡಕ್ ನೀನೇನ್ ನಮ್ ಅತ್ತೆ ಮಗ್ಳಾ? ಬಾಯಲ್ ಎಲೆ ಐತೆ, ಕಾಣಲ್ವಾ?”

ಹಿಂದಿನಿಂದ ಒಬ್ಬರು, ಪಾಪ ಬುಡಪ್ಪ ಗಂಡ ಸತ್ತೋಗವ್ನೆ ಆಯಮ್ಮಂಗೆ ಎಂದರು. ಇನ್ನೊಬ್ಬರು, ಹಂಗಂತ ನಮ್ಮನ್ನೂ ಜೊತೇಲಿ ಕಳ್ಸದಾ ಎಂದರು. ಆ ಎರಡನೆಯವರು ಸರಿಯಾಗಿ ಹೇಳಿದರು. ಅಷ್ಟು ದಿನ ನನಗೆ ಸಲಹೆ ಕೊಟ್ಟವರೆಲ್ಲರಲ್ಲಿ ವಿಷಯ ಮುಟ್ಟಿದವರು ಅವರೊಬ್ಬರೇ. ಅದುವರೆಗೆ ನಾನು ಅಪಾಯಕ್ಕೆ ಹೆದರುತ್ತಿದ್ದೆ. ಆ ಸಂಜೆ ಆ ಬಸ್ಸಿನಲ್ಲಿದ್ದ ಅಪಾಯ ನಾನೇ.

ಇಳಿಸಿ ಎಂದೆ. ಇಳಿಸಿದರು, ಸಂತೋಷವಾಗಿಯೇ ಇಳಿಸಿದರು. ಬಸ್ಸು ಹೋಯಿತು. ರಸ್ತೆ ದಾಟಿ ಮರದ ಹತ್ತಿರ ನಡೆದೆ. ಕಾರು ತಾಗಿದ ಕಡೆ ತೊಗಟೆ ಸ್ವಲ್ಪ ಕಿತ್ತಿತ್ತು. ಬುಡದಲ್ಲಿ, ಮನೆ ಬಿಡಿಸಿದ್ದಲ್ಲದೆ ಇಲ್ಲಿಗೂ ಇರಲೆಂದು ಭಾವ ಮಾಡಿಸಿದ್ದ ಶಾಂತಿಯ ಒಣಗಿದ ನಿಂಬೆಹಣ್ಣು, ತೆಂಗಿನಕಾಯಿ ಚಿಪ್ಪು. ಅದರ ಮೇಲೆ ಯಾರೋ ಹೊಸದಾಗಿ ಅರಿಶಿನ ಕುಂಕುಮ ಹಚ್ಚಿ ಹೋಗಿದ್ದರು. ಲಾರಿಯವರಿರಬೇಕು. ಇನ್ನು ಕೆಲವು ವರ್ಷ ಹೋದರೆ ಅಲ್ಲಿ ಒಂದು ಕಲ್ಲು ನಿಲ್ಲುತ್ತದೆ, ಆಮೇಲೆ ಗುಡಿ, ಆಮೇಲೆ ರಸ್ತೆ ಅಗಲ ಮಾಡುವಾಗ ಗಲಾಟೆ. ಹೋಳಿಗೆಗೆ ಏಲಕ್ಕಿ ಜಾಸ್ತಿಯಾಯಿತೆಂದು ಗೊಣಗುತ್ತಾ ಹೋದ ಬ್ಯಾಂಕ್ ನೌಕರ ಒಬ್ಬ ದೇವರಾಗುತ್ತಾನೆ. ನನಗೆ ನಗು ಬಂತು. ನಗುತ್ತಿದ್ದ ಹಾಗೆ ಅಳುವೂ ಬಂತು, ಅಲ್ಲಿ ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಸಾಕಷ್ಟು ಅತ್ತೆ.

ಮತ್ತೆ ಕುಣಿಗಲ್ ಬಸ್ಸಿಗೆ ಕೈ ಅಡ್ಡ ಹಾಕುವ ಧೈರ್ಯ ಇರಲಿಲ್ಲ. ಯೋಗ್ಯತೆಯೂ ಇರಲಿಲ್ಲ. ಮರದ ಕಡೆಯೇ ರಸ್ತೆ ಬದಿಗೆ ನಿಂತೆ. ತುಮಕೂರಿನ ಬಸ್ಸು ಬಂತು. ಹಿಂದಿನ ಬಾಗಿಲಲ್ಲಿ ಹತ್ತಿ, ಡ್ರೈವರ್ ಕಾಣದ ಹಾಗೆ ಜನರ ಮಧ್ಯೆ ನಿಂತು, ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡು ಬಂದೆ.

ಉಪ್ಪಾರಹಳ್ಳಿಯ ಮೇನ್ ರೋಡಿನಲ್ಲಿ ಬೀಗ ರಿಪೇರಿಯವನೊಬ್ಬ ಅಂಗಡಿ ಮುಚ್ಚುತ್ತಿದ್ದ. ಕರೆದುಕೊಂಡು ಬಂದೆ. ಗೇಟಿನೊಳಗೆ ಬಂದು ಬಾಗಿಲು ನೋಡಿದವನೇ ನಿಂತ.

“ಮುಳ್ಳು ಇಟ್ಟವ್ರೆ.”

“ಹೌದು. ಬೀಗ ಒಡೀರಿ.”

“ಬೀಗ ಒಡೀತೀನಿ ಮೇಡಂ, ಅದು ನನ್ ಕೆಲ್ಸ. ಮುಳ್ಳು ಮುಟ್ಟಲ್ಲ. ನಂಗೆ ಮಕ್ಳು ಮರಿ ಅವ್ರೆ.”

ನಾನೇ ಕೊಂಬೆ ಹಿಡಿದು ಎಳೆದೆ. ಒಣಗಿದ ಜಾಲಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಸೆರಗು ಹರಿಯಿತು, ಅಂಗೈಯಲ್ಲಿ ರಕ್ತ ಬಂತು. ಪಕ್ಕದ ಮನೆಯ ಕಿಟಕಿಯಲ್ಲಿ ಪರದೆ ಸರಿದು ಮತ್ತೆ ಮುಚ್ಚಿತು. ಕೊಂಬೆ ಆಚೆ ಬಿದ್ದ ಮೇಲೆ ಆ ಮನುಷ್ಯ ಮುಂದೆ ಬಂದು ಭಾವನ ಗೋಡೌನ್ ಬೀಗವನ್ನು ಎರಡೇ ಏಟಿಗೆ ಬಿಡಿಸಿ, ದುಡ್ಡು ತೆಗೆದುಕೊಂಡು, ಮನೆಯ ಕಡೆ ಬೆನ್ನು ಹಾಕದೆ ಹಿಂದಕ್ಕೆ ನಡೆದುಕೊಂಡೇ ಗೇಟು ದಾಟಿದ.

ಭಾವನಿಗೆ ಫೋನ್ ಮಾಡಿ ಎಲ್ಲಿದ್ದೇನೆ ಎಂದು ಹೇಳಿದೆ. ನಾಳೆ ಬತ್ತೀನಿ ಎಂದು ಇಟ್ಟರು.

ಬೆಳಿಗ್ಗೆ ಇಬ್ಬರೂ ಬಂದರು. ಭಾವ ಗೇಟಿನ ಹೊರಗೇ ನಿಂತರು, ಹಣೆಗೆ ವಿಭೂತಿ ದಪ್ಪವಾಗಿ ಎಳೆದುಕೊಂಡಿದ್ದರು. ಅಕ್ಕ ಹಿಂದೆ, ಒಂದು ಕೈಯಲ್ಲಿ ಬ್ಯಾಗು.

“ಏನ್ ಕೆಲ್ಸ ಮಾಡ್ಬುಟ್ಟೆ ತಾಯಿ. ಇನ್ನೆರಡ್ ತಿಂಗ್ಳು ತಡ್ಕಳಕ್ಕಾಗ್ಲಿಲ್ವಾ?”

“ನಿನ್ನೆ ಬಸ್ಸಲ್ಲಿ ಸ್ಟೇರಿಂಗ್ ಎಳೆದೆ ಭಾವ. ಇನ್ನೆರಡು ತಿಂಗಳು ಓಡಾಡಿದ್ರೆ ಒಂದು ಬಸ್ ಜನ ಹೋಗೋರು. ಅವ್ರೆಲ್ಲರ ಮನೇನೂ ಬಿಡ್ಸೋದಾ?”

“ಮಾತಿಗೆ ಮಾತ್ ಕೊಡ್ಬೇಡ. ಓದಿರೋಳು ನೀನು.”

“ಅವ್ರು ಈ ಮನೇಲಿ ಸಾಯ್ಲಿಲ್ಲ ಭಾವ. ನಂಗೊತ್ತು. ನಾನಿದ್ದೆ.”

ಅದನ್ನು ನಾನು ಮನೆಯವರ ಮುಂದೆ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಭಾವ ಗೇಟಿನ ಸರಳು ಹಿಡಿದುಕೊಂಡರು. ಮುಖ ಬಾಡಿತ್ತು.

“ನಿಂಗೇನು. ಪಂಚ್ಕ ಎಳ್ಯೋದು ಮನೆತನದೋರ್ನ. ಮನೆತನದಲ್ಲಿ ಇನ್ಯಾರವ್ರೆ? ನಂಗೆ ಶುಗರ್ ಐತೆ, ಬಿಪಿ ಐತೆ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ, ಅವನು ಹೋದಾಗಿಂದ. ಎದೆ ಹಿಡ್ಕಂಡಂಗಾಯ್ತದೆ. ಯಾರಿಗ್ ಹೇಳ್ಲಿ?”

ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಎದೆಯ ಮೇಲೆ ಕೈ ಆಡಿಸಿಕೊಳ್ಳುತ್ತಿದ್ದುದು ಅದಕ್ಕೆ. ನನ್ನ ಕಾಯಿಲೆಯೇ ಅವರಿಗೂ ಇತ್ತು. ನನಗೆ ಬಂದಾಗ ಗಾಳಿ, ಅವರಿಗೆ ಬಂದಾಗ ಶಾಸ್ತ್ರ. ನಾನು ಕಾಯಿಲೆ ಇಟ್ಟುಕೊಂಡು ಬಸ್ಸು ಹತ್ತಿದೆ, ಅವರು ಅದೇ ಕಾಯಿಲೆಯಿಂದ ನನ್ನ ಬಾಗಿಲಿಗೆ ಬೀಗ ಹಾಕಿದರು. ಅನುಕಂಪ ಹುಟ್ಟಬೇಕಿತ್ತು. ಸ್ವಲ್ಪ ಹುಟ್ಟಿತು ಕೂಡ, ಆದರೆ ತಿರಸ್ಕಾರ ಅದಕ್ಕಿಂತ ಮೊದಲು ಬಂದು ಕೂತಿತ್ತು, ಎದ್ದು ಜಾಗ ಕೊಡಲಿಲ್ಲ. ಮನೋವೈದ್ಯರ ವಿಳಾಸ ಹೇಳಿದೆ. ನಂಗೇನ್ ಹುಚ್ಚಾ ಎಂದರು.

ಅಷ್ಟರಲ್ಲಿ ಅಕ್ಕ ಕಾಲು ಬದಲಾಯಿಸುತ್ತಾ ನಿಂತಿದ್ದವಳು ಭಾವನ ಪಕ್ಕದಿಂದ ಮುಂದೆ ಬಂದಳು.

“ಸರೀರಿ ಅತ್ಲಾಗೆ. ಕುಣಿಗಲ್ ಬುಟ್ಟಾಗಿಂದ ತಡ್ಕಂಡಿದೀನಿ. ಸ್ಟ್ಯಾಂಡಲ್ಲಿ ಆ ಗಬ್ಬಿಗೆ ಹೋಗಕ್ಕಾಗ್ಲಿಲ್ಲ.”

“ಲೇ, ಒಳಗ್ ಹೋಗ್ಬೇಡ ಕಣೇ.”

“ಹಂಗಾದ್ರೆ ಇಲ್ಲೇ ಗೇಟ್ ಹತ್ರ ಕೂತ್ಕಳ್ಲಾ?”

ಅವಳು ಹೊಸ್ತಿಲು ದಾಟಿ ಹೋದಳು. ಭಾವ ಕಣ್ಣು ಮುಚ್ಚಿಕೊಂಡು ಪಂಚಾಕ್ಷರಿ ಹೇಳಿಕೊಳ್ಳತೊಡಗಿದರು. ನಾನು ಮತ್ತು ಅವರು ಗೇಟಿನ ಒಳಗೆ ಹೊರಗೆ ನಿಂತು ಅಕ್ಕನ ದಾರಿ ಕಾದೆವು. ಮನೆತನದ ಅಳಿವು ಉಳಿವು ಬಚ್ಚಲಿನಲ್ಲಿತ್ತು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದಳು.

“ಏನೂ ಆಗ್ಲಿಲ್ವಾ?” ಎಂದರು ಭಾವ, ಮೆಲ್ಲಗೆ.

“ಏನಾಗ್ಬೇಕಿತ್ತು? ಹಲ್ಲಿ ಸತ್ ಬಿದ್ದೈತೆ ಬಕೆಟ್ಟಲ್ಲಿ. ಗುಡಿಸಿ ಸಾರ್ಸು ಕಣೇ, ಧೂಳು ಅಂದ್ರೆ ಧೂಳು.”

ಹೋಗುವಾಗ ಭಾವ, ಹೇಳಿದ ಅವಧಿ ಮುಗಿಯುವವರೆಗೆ ನಾವು ಈ ಕಡೆ ಬರುವುದಿಲ್ಲ ಎಂದರು. ಅದು ಶಿಕ್ಷೆಯೆಂದು ಅವರು ತಿಳಿದಿದ್ದರು.

ಮನೆಗೆ ಬಂದ ಕೂಡಲೇ ಭಯ ಬಿಟ್ಟಿತೆಂದು ಬರೆದರೆ ಫಿಸಿಕ್ಸ್ ಮೇಷ್ಟ್ರಿಗೂ ನನಗೂ ವ್ಯತ್ಯಾಸವಿರುವುದಿಲ್ಲ. ಬಿಡಲಿಲ್ಲ. ಅವರಿಬ್ಬರೂ ಹೋದ ಮಧ್ಯಾಹ್ನವೇ, ಹಾಲ್ ಗುಡಿಸುತ್ತಿದ್ದಾಗ, ಮನೆ ಇದ್ದಕ್ಕಿದ್ದಂತೆ ತೀರಾ ಮೌನವಾಯಿತು ಅನ್ನಿಸಿ ಎದೆ ಹತ್ತಿ ಬಂತು. ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕೂತೆ. ಆದರೆ ಒಂದು ವ್ಯತ್ಯಾಸವಿತ್ತು. ಈ ಮನೆ ಎಲ್ಲಿಗೂ ಓಡುತ್ತಿರಲಿಲ್ಲ. ನಾನು ಹಿಡಿದು ನಿಲ್ಲಿಸಬೇಕಾದ್ದು ಏನೂ ಇರಲಿಲ್ಲ. ಬೆವರಿ, ನಡುಗಿ, ಅದು ತಾನಾಗಿ ಇಳಿಯುವವರೆಗೆ ಕೂತಿದ್ದೆ. ಆಮೇಲೆ ಉಳಿದ ಅರ್ಧ ಹಾಲ್ ಗುಡಿಸಿದೆ.

ಸೋಮವಾರ ಗುಬ್ಬಿಗೆ ರೈಲಿನಲ್ಲಿ ಹೋದೆ. ರೈಲು ಓಡಿಸುವವನ ಕುತ್ತಿಗೆ ಯಾರಿಗೂ ಕಾಣುವುದಿಲ್ಲ, ನನಗೆ ಅದೇ ಅನುಕೂಲ. ಸಂಜೆ ವಾಪಸ್ ಬರುವಾಗ ನಮ್ಮ ಬೀದಿಯಲ್ಲಿ ಹೆಂಗಸರು ಮಾತು ನಿಲ್ಲಿಸಿದರು. ಒಬ್ಬಾಕೆ ಮಗುವನ್ನು ಹತ್ತಿರ ಎಳೆದುಕೊಂಡಳು. ಇನ್ನೊಬ್ಬಾಕೆ, ಒಬ್ರೇ ಇರಕ್ಕೆ ಭಯ ಆಗಲ್ವಾ ಆಂಟಿ ಎಂದು ಕೇಳಿದಳು, ಕೇಳುವಾಗ ಕಣ್ಣು ಮಾತ್ರ ನನ್ನ ಬಾಗಿಲಿನ ಮೇಲಿತ್ತು.

“ಆಗುತ್ತೆ,” ಎಂದು ಹೇಳಿ ಗೇಟು ತೆಗೆದೆ. ಎದೆ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ ಎಂದು ಒಳಗೆ ಹೋದೆ.